ತಲೆ ಬಾಲ ಸಮೇತ

ಹೆನೊವೇವಾಳ ಮನೆಯಲ್ಲಿ ಮೀನು ಅಂದರೆ ಚರಾಲ್. ಉಳಿದವೆಲ್ಲ ಅವಳ ಪಾಲಿಗೆ ನೀರಲ್ಲಿ ಈಜುವ ಮಾಂಸ, ಅಷ್ಟೇ. ಚರಾಲ್ ಕಿರುಬೆರಳಿನಷ್ಟು ಉದ್ದ, ಬೆಳ್ಳಿ ಬಣ್ಣ, ಬೆಳಕಿಗೆ ಹಿಡಿದರೆ ಮೂಳೆ ಕಾಣುವಷ್ಟು ತೆಳು. ಅವಳಿದ್ದ ಸರೋವರದ ದಂಡೆಯ ಊರುಗಳಲ್ಲಿ ಸಣಕಲು ಮಕ್ಕಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಅವಳ ಮೊಮ್ಮಗಳು ಇತ್ಸೆಲ್ ಹುಟ್ಟಿದ ವಾರದಲ್ಲೇ 'ಚರಾಲ್' ಆದವಳು, ಆರು ವರ್ಷವಾದರೂ ಆ ಹೆಸರು ಕಳಚಿರಲಿಲ್ಲ.

ಚರಾಲನ್ನು ಯಾರೂ ಬಿಡಿಸಿ ಸ್ವಚ್ಛ ಮಾಡುವುದಿಲ್ಲ. ತೊಳೆದು, ಉಪ್ಪು ಸವರಿ, ಚಾಪೆಯ ಮೇಲೆ ಒಣಗಿಸಿ, ಕಾದ ಎಣ್ಣೆಗೆ ಬಿಟ್ಟು, ನಿಂಬೆ ಹಿಂಡಿ ಮೆಣಸಿನಪುಡಿ ಉದುರಿಸಿ, ತಲೆ ಬಾಲ ಸಮೇತ ಬಾಯಿಗೆ ಎಸೆದುಕೊಳ್ಳುವುದು. ತಲೆ ತಿಂದ ಮಗು ಜಾಣ ಆಗುತ್ತದೆ ಎಂಬ ನಂಬಿಕೆ ಬೇರೆ. ತಲೆ ಮುರಿದು ಪಕ್ಕಕ್ಕಿಡುವವರು ಒಂದೋ ಗ್ವಾದಲಹಾರಾ ನಗರದಿಂದ ಬಂದ ಪ್ರವಾಸಿಗಳು, ಇಲ್ಲವೇ ಕಾಯಿಲೆಯವರು. ಹೆನೊವೇವಾ ಭಾನುವಾರಗಳಲ್ಲಿ ದೋಣಿಕಟ್ಟೆಯ ಹತ್ತಿರ ಬಾಣಲೆ ಇಟ್ಟು ಕೂತು, "ಇಡೀ ಮೆಕ್ಸಿಕೊ ಸುತ್ತಿದ್ರೂ ಇಂಥ ಮೀನು ಸಿಗಲ್ಲ, ಬನ್ನಿ ಬನ್ನಿ" ಎಂದು ಕೂಗುತ್ತಿದ್ದಳು. ಅವಳೇನೂ ಮೆಕ್ಸಿಕೊ ಸುತ್ತಿದವಳಲ್ಲ.

ಗಂಡ ಸತ್ತ ಮೇಲೆ ಮನೆ ಅವಳ ಕೈಯಲ್ಲಿತ್ತು. ಮಗ ಎಲಿಸೇಯೊ ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುತ್ತಿದ್ದ. ಸೊಸೆ ನಯೇಲಿ ಬೆಟ್ಟದ ಮೇಲಿನ ಊರಿನವಳು, ಇತ್ಸೆಲ್‌ಳ ತಾಯಿ, ಈಗ ಎರಡನೆಯದಕ್ಕೆ ಐದು ತಿಂಗಳ ಬಸುರಿ. ಮಗಳು ಒದಿಲಿಯಾ ನಗರದ ವಿಶ್ವವಿದ್ಯಾಲಯದಲ್ಲಿ ನೀರು, ಮೀನು ಎಂದು ಏನೋ ಓದುತ್ತಿದ್ದಳು. ವಾರ ಬಿಟ್ಟು ವಾರ ಮನೆಗೆ ಬರುವಾಗ ಮಂಜುಗಡ್ಡೆ ಹಾಕುವ ಒಂದು ಪೆಟ್ಟಿಗೆ ಹೊತ್ತು ತರುತ್ತಿದ್ದಳು.

"ಅಮ್ಮಾ, ನನಗೆ ಮರಿ ಮೀನು ಬೇಕು. ಈ ವರ್ಷ ಹುಟ್ಟಿದ್ದು."

"ಯಾಕೆ, ನಿಮ್ಮ ಮೇಷ್ಟ್ರಿಗೆ ಹಲ್ಲಿಲ್ವಾ?"

"ತಿನ್ನೋಕಲ್ಲಮ್ಮ. ಅದನ್ನ ಇಡಿಯಾಗಿ ರುಬ್ಬಿ, ಆಸಿಡ್‌ನಲ್ಲಿ ಕರಗಿಸಿ, ಯಾವ ಲೋಹ ಎಷ್ಟಿದೆ ಅಂತ ನೋಡ್ತೀವಿ."

"ಲೋಹಾನಾ? ಮೀನಿನ ಹೊಟ್ಟೇಲಿ ಮೊಳೆ ಇರುತ್ತೇನೇ?"

"ಮೊಳೆ ಅಲ್ಲ. ಸೀಸ, ಕ್ಯಾಡ್ಮಿಯಂ ಅಂತ, ಕಣ್ಣಿಗೆ ಕಾಣದಷ್ಟು. ಮೇಲಿನ ಊರುಗಳ ಕಾರ್ಖಾನೆ ನೀರು ನದಿಗೆ ಬಿದ್ದು ನಮ್ಮ ಸರೋವರಕ್ಕೆ ಬರುತ್ತಲ್ಲ, ಅದರ ಜೊತೆ ಬರೋದು."

ಹೆನೊವೇವಾಗೆ ಅರ್ಥವಾದದ್ದು ಇಷ್ಟೇ: ತನ್ನ ಮೀನು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದೆ. ಆ ಹೆಮ್ಮೆಯಲ್ಲಿ ಮೊದಲ ಸಲ ಒಳ್ಳೊಳ್ಳೆಯ ಮರಿಗಳನ್ನು ಆರಿಸಿ, ಮೂರು ನೀರಿನಲ್ಲಿ ತೊಳೆದು, ಉಪ್ಪು ಸವರಿ, ನಿಂಬೆಯನ್ನೂ ಹಿಂಡಿ ಪೆಟ್ಟಿಗೆಗೆ ತುಂಬಿಸಿದಳು. ಹಾಗೆ ಕೊಟ್ಟದ್ದು ಪ್ರಯೋಗಕ್ಕೆ ಬರುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರು? ಮುಂದಿನ ಸಲ ಒದಿಲಿಯಾ ಬಂದಾಗ ತಾಯಿ ಕೇಳಿದಳು, "ಮೇಷ್ಟ್ರು ಏನಂದ್ರು?"

"ತುಂಬ ಚೆನ್ನಾಗಿತ್ತು ಅಂದ್ರು," ಎಂದಳು ಮಗಳು. "ಇನ್ನೊಂದು ಸಲ ಬಲೆಯಿಂದ ಹೇಗೆ ಬರುತ್ತೋ ಹಾಗೇ ಕೊಡು, ತಾಯೀ."

ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಯೇಲಿಯೂ ನಕ್ಕಳು, ಅದೇ ಒಂದು ಸುದ್ದಿ. ಮದುವೆಯಾಗಿ ಬಂದ ವರ್ಷಗಳಲ್ಲಿ ಆ ಹುಡುಗಿ ಅತ್ತೆಯ ಅಡುಗೆಮನೆಗೆ ಮೂಗು ಮುಚ್ಚಿಕೊಂಡೇ ಬರುತ್ತಿದ್ದಳು. ಬೆಟ್ಟದವರಿಗೆ ಮೀನಿನ ವಾಸನೆ ಆಗದು. ಮೊದಲ ಬಸುರಿನಲ್ಲಿ ಒಂದು ಚರಾಲನ್ನೂ ಮುಟ್ಟಿರಲಿಲ್ಲ. ಅತ್ತೆ ಸೊಸೆ ಜಗಳವಾಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಜಗಳವಾದರೂ ಇದ್ದಿದ್ದರೆ ಮಾತಿಗೊಂದು ದಾರಿ ಇರುತ್ತಿತ್ತು.

ಎರಡನೆಯ ಬಸುರಿನಲ್ಲಿ ಯಾಕೋ ನಾಲಿಗೆ ತಿರುಗಿತು. ಒಂದು ಮಧ್ಯಾಹ್ನ ನಯೇಲಿ ಹೊರಗಿನ ಒಲೆಯ ಹತ್ತಿರ ಬಂದು ನಿಂತು, "ಅತ್ತೆ, ಅದೇನೋ ಉಪ್ಪುಪ್ಪು ವಾಸನೆ ಬರ್ತಿದೆ. ನನಗೂ ಒಂದು ಕೊಡ್ತೀರಾ?" ಎಂದಳು. ಹೆನೊವೇವಾ ಮುಸುಕಿನ ಜೋಳದ ಹಿಟ್ಟು, ಮೊಟ್ಟೆಗಳಲ್ಲಿ ಚರಾಲ್ ಕಲಸಿ ವಡೆ ತಟ್ಟಿ, ಟೊಮೆಟೊ ಗೊಜ್ಜಿನಲ್ಲಿ ಪಾಪಾಸುಕಳ್ಳಿಯ ಎಲೆಗಳ ಜೊತೆ ಕುದಿಸಿ ಬಡಿಸಿದಳು. ಸೊಸೆ ತಟ್ಟೆ ನೆಕ್ಕಿದಳು. ಅಂದಿನಿಂದ ದಿನವೂ ಅದೇ. ಉಣ್ಣುತ್ತಾ ಉಣ್ಣುತ್ತಾ ನಯೇಲಿ ತನ್ನ ತಾಯಿಯ ಬಗ್ಗೆ, ತಮ್ಮನ ಕುಡಿತದ ಬಗ್ಗೆ, ಎಲಿಸೇಯೊನ ಗೊರಕೆಯ ಬಗ್ಗೆ ಹೇಳತೊಡಗಿದಳು. ಮುದುಕಿಗೆ ಆ ಬಸುರು ದೇವರೇ ಕಳಿಸಿದ ಹಾಗಿತ್ತು.

ಅದರ ನಡುವೆ ಆರೋಗ್ಯ ಕೇಂದ್ರದ ನರ್ಸ್ ಬಸುರಿಯರನ್ನೆಲ್ಲ ಕೂರಿಸಿ, ದೊಡ್ಡ ಮೀನು ತಿನ್ನಬೇಡಿ, ಪಾದರಸ ಅವುಗಳಲ್ಲೇ ಹೆಚ್ಚು ಕೂಡಿಕೊಂಡಿರುತ್ತದೆ ಎಂದು ಹೇಳಿದಳು. ನಯೇಲಿ ಬಂದು ಅತ್ತೆಗೆ ಒಪ್ಪಿಸಿದಳು.

"ಅದಕ್ಯಾಕೆ ಹೆದರ್ತೀಯಾ? ನಮ್ಮದು ಚಿಕ್ಕದು," ಎಂದಳು ಹೆನೊವೇವಾ. "ಹುಟ್ಟಿ ಮೂರು ತಿಂಗಳಾಗದ ಮೀನಿಗೆ ಪಾಪ ಮಾಡೋಕೆ ಹೊತ್ತೆಲ್ಲಿ ಸಿಕ್ಕಿರುತ್ತೆ?"

ಅಷ್ಟಕ್ಕೇ ಬಿಡಲಿಲ್ಲ. ದೊಡ್ಡ ಕಣ್ಣಿನ ಜರಡಿ ತಂದು ಒಣಮೀನನ್ನು ಆಡಿಸಿ, ಕೆಳಗೆ ಉದುರಿದ ಎಳೆಯವನ್ನು ಸೊಸೆಗೆಂದು ಬೇರೆ ಡಬ್ಬಿಯಲ್ಲಿ ತುಂಬಿದಳು. ಮೇಲುಳಿದದ್ದು ಮಾರಲಿಕ್ಕೆ.

ಒದಿಲಿಯಾ ಪರೀಕ್ಷೆಯ ಕೆಲಸವೆಂದು ಎರಡು ತಿಂಗಳು ಊರಿಗೆ ಬರಲಿಲ್ಲ. ಬಂದದ್ದು ಒಂದು ಭಾನುವಾರ, ಊಟದ ಹೊತ್ತಿಗೆ. ಮಗಳು ಬಾಡಿದ್ದಳು. ಕೈತೊಳೆದು ಕೂತು, ತಟ್ಟೆಯಲ್ಲಿದ್ದ ವಡೆಯನ್ನು ಮುಟ್ಟದೆ, ಅಣ್ಣನ ಕಡೆ ನೋಡಿ ಹೇಳಿದಳು:

"ಚರಾಲ್ ಫಲಿತಾಂಶ ಬಂತು. ಚೆನ್ನಾಗಿಲ್ಲ."

"ಅಂದ್ರೆ?"

"ಸೀಸ ಇದೆ, ಕ್ಯಾಡ್ಮಿಯಂ ಇದೆ. ಮರಿಗಳಲ್ಲೂ ಇದೆ. ದೊಡ್ಡ ಮೀನಾದ್ರೆ ಕಿವಿರು, ಕರುಳು, ಮೂಳೆ ಎಲ್ಲ ಬಿಸಾಕ್ತೀವಿ. ಈ ಲೋಹಗಳು ಸೇರ್ಕೊಳೋದು ಅಲ್ಲೇ. ಚರಾಲನ್ನ ನಾವು ಇಡೀ ತಿಂತೀವಲ್ಲ. ಪ್ರವಾಸಿಗಳು ವರ್ಷಕ್ಕೊಮ್ಮೆ ತಿಂದ್ರೆ ಏನೂ ಆಗಲ್ಲ. ದಿನಾ ತಿನ್ನಬಾರದು. ಚಿಕ್ಕ ಮಕ್ಕಳು, ಬಸುರಿಯರು ಅಂತೂ…"

ಅಲ್ಲಿಗೆ ಅವಳ ಕಣ್ಣು ಅತ್ತಿಗೆಯ ತಟ್ಟೆಯ ಮೇಲೆ ಬಿತ್ತು. ಅತ್ತಿಗೆ ಮೀನು ತಿನ್ನುವವಳೇ ಅಲ್ಲ ಎಂದುಕೊಂಡೇ ಬಂದಿದ್ದವಳು ಅವಳು.

"ನಯೇಲಿ, ನೀನು ಯಾವಾಗಿಂದ ತಿಂತಿದ್ದೀಯ?"

ನಯೇಲಿ ಬಾಯಲ್ಲಿದ್ದದ್ದನ್ನು ನುಂಗಲಿಲ್ಲ, ಉಗುಳಲೂ ಇಲ್ಲ. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಇತ್ಸೆಲ್ ಮಾತ್ರ ಖುಷಿಯಿಂದ, "ಅಮ್ಮ ದಿನಾ ತಿಂತಾಳೆ! ಅಜ್ಜಿ ಅವಳಿಗೆ ಪುಟ್ಟಪುಟ್ಟದ್ದು ಜರಡಿ ಹಿಡೀತಾಳೆ!" ಎಂದಿತು.

"ಜರಡೀನಾ?" ಎಲಿಸೇಯೊ ತಾಯಿಯ ಕಡೆ ತಿರುಗಿದ. "ಏನಮ್ಮಾ ಇದು? ಹುಡುಕಿ ಹುಡುಕಿ ತಿನ್ನಿಸಿದ್ಯಾ?"

"ನರ್ಸ್ ದೊಡ್ಡದು ಬೇಡ ಅಂದ್ಳು ಕಣೋ. ಅದಕ್ಕೇ ಚಿಕ್ಕದು…"

"ನಿನ್ನನ್ನ ಯಾರು ಕೇಳಿದ್ರು?"

"ಅವಳೇ ಕೇಳಿದ್ಳು!" ಹೆನೊವೇವಾಳ ದನಿ ಏರಿತು. ಮಗಳ ಕಡೆ ತಿರುಗಿದಳು. "ನೀನು ಹುಟ್ಟಿದಾಗಿಂದ ಇದೇ ತಲೆ ತಿಂದು ಬೆಳೆದವಳು. ಇದೇ ತಲೆ ತಿಂದು ಅಷ್ಟು ಓದಿದ್ದು. ಈಗ ಬಂದು ನನ್ನ ತಲೆ ತಿಂತೀಯಾ?"

"ಅಮ್ಮಾ, ನಾನು ಸುಳ್ಳು ಹೇಳಲಾ?"

"ನಿಜಾನ ಹೀಗೆ ಊಟಕ್ಕೆ ಕೂತಾಗ ಹೇಳ್ತಾರಾ?"

ನಯೇಲಿ ಎದ್ದು ಹಿತ್ತಲಿಗೆ ಹೋದಳು. ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ಎಲಿಸೇಯೊ ಎಲ್ಲರ ತಟ್ಟೆಯ ವಡೆಗಳನ್ನೂ ಒಂದೇ ಪಾತ್ರೆಗೆ ಸುರಿದು ನಾಯಿಗೆ ಹಾಕಹೋದ, ಮತ್ತೆ ಯೋಚಿಸಿ ಗುಂಡಿ ತೋಡಿ ಹೂತ. ನಾಯಿಗೂ ಆಗದ್ದು ತನ್ನ ಕೈಯ ಅಡುಗೆ ಎಂಬುದನ್ನು ಮುದುಕಿ ಕಿಟಕಿಯಿಂದ ನೋಡಿದಳು. ಅವಳಿಗೆ ಮೈಯೆಲ್ಲ ಉರಿಯಿತು, ಆಮೇಲೆ ತಣ್ಣಗಾಯಿತು. ಆ ತಣ್ಣಗಾದದ್ದೇ ಹೆಚ್ಚು ನೋವು ಕೊಟ್ಟಿತು.

ಮಾರನೆಯ ದಿನದಿಂದ ಮನೆಯಲ್ಲಿ ಎರಡು ಒಲೆ. ಒಳಗೆ ಗ್ಯಾಸಿನ ಮೇಲೆ ನಯೇಲಿ ಬೀನ್ಸ್ ಕಾಳು, ಸೀಮೆಬದನೆ, ಗೋಣಿಸೊಪ್ಪು ಬೇಯಿಸುತ್ತಿದ್ದಳು. ಹೊರಗೆ ಸೌದೆ ಒಲೆಯ ಮೇಲೆ ಹೆನೊವೇವಾ ತನ್ನದನ್ನು. ಯಾರೂ ಬೇರೆಯಾಗೋಣ ಎನ್ನಲಿಲ್ಲ. ಮೊದಲು ಬಾಣಲೆ ಬೇರೆಯಾಯಿತು, ಆಮೇಲೆ ಚಮಚ, ಆಮೇಲೆ ಉಪ್ಪಿನ ಡಬ್ಬಿ. ತೋರ್ತಿಯಾ ರೊಟ್ಟಿ ಮಾತ್ರ ಕೆಲವು ದಿನ ಹೆನೊವೇವಾಳೇ ತಟ್ಟಿದಳು. ಒಂದು ದಿನ ನಯೇಲಿ ಅಂಗಡಿಯಿಂದ ತಂದ ರೊಟ್ಟಿಯ ಪೊಟ್ಟಣ ಮೇಜಿನ ಮೇಲಿತ್ತು.

"ನಿಮಗೆ ಯಾಕೆ ತೊಂದರೆ ಅಂತ, ಅತ್ತೆ," ಎಂದಳು ನಯೇಲಿ, ಮುಖ ನೋಡದೆ.

"ತೊಂದರೆ ಅಂತ ನಾನು ಯಾವತ್ತು ಅಂದೆ?"

"ಅನ್ನಲಿಲ್ಲ. ನಾನೇ ಅಂದ್ಕೊಂಡೆ."

ಇಷ್ಟೇ ಮಾತು. ನಯೇಲಿ ಕೆಟ್ಟವಳಲ್ಲ, ಹೆದರಿದವಳು. ಆದರೆ ಹೆದರಿದವರ ಹತ್ತಿರ ಕೂರುವುದು ಕೆಟ್ಟವರ ಹತ್ತಿರ ಕೂರುವುದಕ್ಕಿಂತ ಕಷ್ಟ. ಇತ್ಸೆಲ್‌ಗೆ ಅಜ್ಜಿಯ ಕೈಯಿಂದ ಏನೂ ಇಸಿದುಕೊಳ್ಳಬೇಡ ಎಂದು ತಾಯಿ ಹೇಳಿಟ್ಟಿದ್ದಳು. ಒಂದು ಸಲ ಮಾವಿನಹಣ್ಣು ಹೆಚ್ಚಿ ಕೊಟ್ಟರೆ ಮಗು, "ಇದರಲ್ಲೂ ಇರುತ್ತಾ?" ಎಂದು ಕೇಳಿತು. ಹೆನೊವೇವಾ ಆ ಹಣ್ಣನ್ನು ತಾನೇ ತಿಂದಳು, ರುಚಿ ಗೊತ್ತಾಗಲಿಲ್ಲ.

ಭಾನುವಾರ ದೋಣಿಕಟ್ಟೆಯಲ್ಲಿ ಬಾಣಲೆ ಎಂದಿನಂತೆ ಕಾಯುತ್ತಿತ್ತು. ಗುರುತು ಪರಿಚಯ ಇಲ್ಲದವರು ಬೆರಳು ಚೀಪಿ ಚೀಪಿ ತಿಂದು, "ಇನ್ನೊಂದು ತಟ್ಟೆ ಕೊಡಮ್ಮ" ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಒಳಗಿನ ಮೇಜಿನಲ್ಲಿ ಮೂರು ಜನ ನಗುತ್ತ ಉಣ್ಣುವ ಸದ್ದು. ಅವಳು ಹೊಸಿಲು ದಾಟಿದರೆ ನಗು ನಿಲ್ಲುತ್ತಿತ್ತು. ಹಾಗಾಗಿ ಹೊರಗಿನ ಒಲೆಯ ಹತ್ತಿರವೇ ಮಣೆ ಹಾಕಿಕೊಂಡು ಉಂಡು, ತಟ್ಟೆ ತೊಳೆದಿಟ್ಟು, ಹಿಂಬಾಗಿಲಿನಿಂದ ಹೋಗಿ ಮಲಗುವುದನ್ನು ರೂಢಿ ಮಾಡಿಕೊಂಡಳು.

ಮುಂದಿನ ಸಲ ಒದಿಲಿಯಾ ಬಂದಾಗ ತಾಯಿಯೇ ಮಾತು ತೆಗೆದಳು.

"ಆವತ್ತು ಏನಂದೆ? ಕಿವಿರು, ಕರುಳು, ಮೂಳೆ. ಅಲ್ಲೇ ತಾನೇ ಇರೋದು?"

"ಹೆಚ್ಚಿನದು ಅಲ್ಲೇ."

"ಅದನ್ನ ತೆಗೆದ್ರೆ?"

"ಚರಾಲ್‌ನಲ್ಲಿ ಏನಮ್ಮ ತೆಗೀತೀಯ? ಬೆರಳಿನಷ್ಟೂ ಇಲ್ಲ ಅದು."

"ಕೇಳಿದ್ದಕ್ಕೆ ಹೇಳು. ತೆಗೆದ್ರೆ?"

"ಕಡಿಮೆ ಆಗುತ್ತೆ."

ಹೆನೊವೇವಾಗೆ ಆ ಒಂದು ಮಾತು ಸಾಕಾಯಿತು. ದೋಣಿಯವರಿಂದ ಹಸಿ ಚರಾಲ್ ತಂದು, ನೆರಳಿನಲ್ಲಿ ಕೂತು, ಹೆಬ್ಬೆರಳಿನ ಉಗುರಿನಿಂದ ತಲೆ ಮುರಿದು, ಪಿನ್ನಿನ ತುದಿಯಿಂದ ಹೊಟ್ಟೆ ಸೀಳಿ, ದಾರದ ಎಳೆಯಂಥ ಕರುಳು ತೆಗೆದು, ನಡುಮೂಳೆಯನ್ನು ಮೆಲ್ಲಗೆ ಎಳೆದು ಹಾಕತೊಡಗಿದಳು. ಉಳಿಯುತ್ತಿದ್ದದ್ದು ಹೂವಿನ ಎಸಳಿನಷ್ಟು ಮಾಂಸ. ಪಕ್ಕದ ಮನೆಯ ಮುದುಕಿ ಚೋನಾ ಬೇಲಿಯ ಮೇಲಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಹೆನೊವೇವಾ, ಚರಾಲಿಗೆ ಆಪರೇಷನ್ ಮಾಡ್ತಿದ್ದೀಯೇನೇ? ಹೊಲಿಗೆ ಹಾಕೋಕೆ ದಾರ ಕೊಡಲಾ?"

"ನಿನ್ನ ಬಾಯಿಗೆ ಹಾಕ್ಕೋ ಹೊಲಿಗೆ."

"ಊರೆಲ್ಲ ನಗ್ತಾರೆ ಕಣೇ."

"ನಗಲಿ ಬಿಡು, ಅವರಿಗೇನು ಊಟಕ್ಕೆ ಕರೆದಿಲ್ಲ ನಾನು."

ಬೆಳಗ್ಗೆ ಕೂತವಳು ಏಳುವಾಗ ಬಿಸಿಲು ಗೋಡೆ ಏರಿತ್ತು. ಬೆರಳ ತುದಿಗಳು ಬಿರಿದು ಉಪ್ಪು ತಾಗಿ ಉರಿಯುತ್ತಿದ್ದವು. ಎಲ್ಲ ಸೇರಿ ಮೂರು ವಡೆಗೆ ಆಗುವಷ್ಟು ಸಿಕ್ಕಿತು. ಕರಿದು, ಟೊಮೆಟೊ ಗೊಜ್ಜಿನಲ್ಲಿ ಅದ್ದಿ, ಹೊಸ ತಟ್ಟೆಯಲ್ಲಿಟ್ಟು ಒಳಗಿನ ಮೇಜಿಗೆ ಒಯ್ದಳು. ಎಲಿಸೇಯೊ, ನಯೇಲಿ, ಒದಿಲಿಯಾ ಮೂವರೂ ಇದ್ದರು.

"ತಲೆ ಇಲ್ಲ, ಕರುಳಿಲ್ಲ, ಮೂಳೆ ಇಲ್ಲ. ಒಂದೊಂದನ್ನೂ ನಾನೇ ಬಿಡಿಸಿದ್ದೀನಿ," ಎಂದಳು. "ಒದಿಲಿಯಾನೇ ಹೇಳಿದ್ದು. ಕೇಳು ಬೇಕಾದ್ರೆ."

ನಯೇಲಿ ನಾದಿನಿಯ ಮುಖ ನೋಡಿದಳು. ಒದಿಲಿಯಾ ತಾಯಿಯ ಬೆರಳುಗಳನ್ನು ನೋಡುತ್ತಿದ್ದಳು.

"ಕಡಿಮೆ ಆಗುತ್ತೆ ಅಂದೆ, ಅಮ್ಮ. ಇರೋದೇ ಇಲ್ಲ ಅನ್ನಲಿಲ್ಲ."

"ಎಷ್ಟು ಕಡಿಮೆ?"

"ಗೊತ್ತಿಲ್ಲ. ಬಸುರಿಯರಿಗೆ ನಾನು ತಿನ್ನು ಅಂತ ಹೇಳಲಾರೆ."

"ನನ್ನನ್ನ ಕ್ಷಮಿಸಿ, ಅತ್ತೆ," ಎಂದಳು ನಯೇಲಿ. ನಿಜವಾಗಿಯೂ ಅವಳ ಕಣ್ಣಲ್ಲಿ ನೀರಿತ್ತು. "ನನಗೆ ಆಗಲ್ಲ."

ಒದಿಲಿಯಾ ತಟ್ಟೆ ತನ್ನ ಕಡೆ ಎಳೆದುಕೊಂಡು ಒಂದು ವಡೆ ತಿಂದಳು. ಎಲಿಸೇಯೊ ಇನ್ನೊಂದನ್ನು ತಿಂದ. ಯಾರಿಗೂ ಹಸಿವಿರಲಿಲ್ಲ, ತಾಯಿಯ ಮುಖ ನೋಡಿ ತಿಂದರು. ಹಾಗೆ ತಿಂದದ್ದು ಅವಳಿಗೆ ತಿನ್ನದಿದ್ದುದಕ್ಕಿಂತ ಕಡೆ ಅನ್ನಿಸಿತು. ಅವಳಿಗೆ ಬೇಕಾಗಿದ್ದುದು ಒಲೆಯ ಹತ್ತಿರ ಬಂದು ನಿಂತು 'ಒಂದು ಕೊಡಿ' ಎಂದು ಕೇಳುವವರು.

ಜಿಲ್ಲಾ ಆಸ್ಪತ್ರೆಯಲ್ಲಿ ನಯೇಲಿಯ ರಕ್ತ ಪರೀಕ್ಷೆ ಮಾಡಿಸಿದರು. ಸೀಸ ಸ್ವಲ್ಪ ಇದೆ, ಗಾಬರಿ ಬೀಳುವಷ್ಟಿಲ್ಲ, ಇನ್ನು ಮೀನು ಬಿಡಿ, ಹಾಲು ಸೊಪ್ಪು ತಿನ್ನಿ, ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. 'ಸ್ವಲ್ಪ' ಎಂಬ ಮಾತು ಮನೆಯ ತುಂಬ ತಿರುಗಾಡಿತು. ಎಲಿಸೇಯೊ ಅದನ್ನು ಸಮಾಧಾನಕ್ಕೆ ಹೇಳುತ್ತಿದ್ದ, ನಯೇಲಿ ಅಳುವುದಕ್ಕೆ.

ಕೊನೆಗೆ ಬೆಟ್ಟದ ಊರಿನಿಂದ ನಯೇಲಿಯ ತಾಯಿ ಫೋನ್ ಮಾಡಿ, ಹೆರಿಗೆ ಇಲ್ಲೇ ಆಗಲಿ, ಮಗುವನ್ನೂ ಕರಕೊಂಡು ಬಾ, ಇತ್ಸೆಲ್ ಇಲ್ಲೇ ಶಾಲೆಗೆ ಹೋಗಲಿ ಎಂದಳು. ಎಲಿಸೇಯೊ ಒಪ್ಪಿದ. ಹೆನೊವೇವಾ ಕೇಳಿದ್ದು ಒಂದೇ.

"ಆಮೇಲೆ ವಾಪಸ್ ಬರ್ತಾರಾ?"

"ನೋಡೋಣಮ್ಮ."

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ. ಅವಳಿಗೆ ಈ ನೀರು ಕಂಡ್ರೇ ಆಗ್ತಿಲ್ಲ. ನಾನೂ ಅಲ್ಲೇ ಗಾಡಿ ಓಡಿಸೋಕಾಗುತ್ತಾ ಅಂತ ವಿಚಾರಿಸ್ತಿದ್ದೀನಿ."

ಅಂದರೆ ಮಗನೂ. ಮಾತಾಡಿದರೆ ಬೇಡಿಕೊಂಡಂತಾದೀತು, ಬೇಡಿಕೊಂಡರೆ ಇಲ್ಲ ಅನ್ನಿಸಿಕೊಳ್ಳಬೇಕಾದೀತು.

ಹೊರಡುವ ದಿನ ಮಧ್ಯಾಹ್ನ ಒಳಗೆ ಗಂಟುಮೂಟೆ ಕಟ್ಟುವ ಗಡಿಬಿಡಿ. ಹೆನೊವೇವಾ ಹೊರಗಿನ ಒಲೆಯ ಮುಂದೆ ತನ್ನೊಬ್ಬಳಿಗೆಂದು ಒಂದು ಹಿಡಿ ಚರಾಲ್ ಕರಿದು ಬಟ್ಟೆ ಮುಚ್ಚಿಟ್ಟಿದ್ದಳು. ಬೆನ್ನ ಹಿಂದೆ ಯಾರೋ ಉಸಿರಾಡಿದ ಹಾಗಾಯಿತು. ತಿರುಗಿದರೆ ಇತ್ಸೆಲ್, ಪ್ರಯಾಣದ ಹೊಸ ಬೂಟು ಹಾಕಿಕೊಂಡು, ಎರಡು ಜಡೆಯ ತುದಿ ಬಾಯಲ್ಲಿಟ್ಟುಕೊಂಡು.

"ಅಜ್ಜಿ, ಒಂದು ಕೊಡು."

"ಏನು?"

"ಮೀನು. ಅಮ್ಮಂಗೆ ಹೇಳಲ್ಲ."

ಎಷ್ಟೋ ವಾರಗಳಿಂದ ಆ ಮುದುಕಿ ಕಾದದ್ದು ಈ ಮಾತಿಗೆ. ಈಗ ಬಂದಿತ್ತು, ಬಾಯಿ ತೆರೆದುಕೊಂಡು, ಮುಂದಿನ ಹಲ್ಲು ಬಿದ್ದ ಜಾಗದ ಸಮೇತ. ಒಂದೇ ಒಂದು ತಿಂದರೆ ಮಗು ಸಾಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಒದಿಲಿಯಾಳೂ ಹಾಗೇ ಹೇಳುತ್ತಿದ್ದಳು. ಆದರೆ ನಯೇಲಿಯೂ ಮೊದಲು ಕೇಳಿದ್ದು ಒಂದೇ.

"ಇಲ್ಲ ಪುಟ್ಟಿ. ಖಾಲಿ ಆಯ್ತು."

"ವಾಸನೆ ಬರ್ತಿದೆ."

"ಬಾಣಲೆ ವಾಸನೆ ಅದು."

"ಒಂದು ಕೊಟ್ರೆ ನಾನು ಊರಿಗೆ ಹೋಗಲ್ಲ," ಎಂದಿತು ಮಗು, ವ್ಯಾಪಾರಕ್ಕಿಳಿದು. "ಬಸ್ಸು ಬಂದಾಗ ಜೋರಾಗಿ ಅಳ್ತೀನಿ. ನಿನ್ನ ಹತ್ತಿರಾನೇ ಇರ್ತೀನಿ. ನಿಜ."

ಹೆನೊವೇವಾ ಎದ್ದು ನಿಂತು ಬಟ್ಟೆ ಮುಚ್ಚಿದ ತಟ್ಟೆಯನ್ನು ಅಟ್ಟದ ಹಲಗೆಗೆ ಎತ್ತಿಡಲು ಹೋದಳು. ಹಲಗೆಯ ಅಂಚು ತಾಗಿ ಬಟ್ಟೆ ಜಾರಿತು. ಮೀನು ಕಂಡವು, ಬಂಗಾರದ ಬಣ್ಣಕ್ಕೆ ಕರಿದವು, ಗರಿಗರಿ.

ಇತ್ಸೆಲ್ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು.

"ಇದೆ! ಎಲ್ಲಾ ನೀನೊಬ್ಳೇ ತಿಂತೀಯಾ?"

"ಹೂಂ," ಎಂದಳು ಹೆನೊವೇವಾ. "ನಾನೊಬ್ಳೇ ತಿಂತೀನಿ. ಹೋಗು ಒಳಗೆ, ಅಮ್ಮ ಕರೀತಿದ್ದಾಳೆ."

"ಜಿಪುಣಿ ಅಜ್ಜಿ! ನೀನು ಸುಳ್ಳಿ! ನಿನ್ನ ಹತ್ರ ನಾನು ಬರೋದೇ ಇಲ್ಲ!"

ಹೊಸ ಬೂಟಿನ ಸದ್ದು ಅಂಗಳ ದಾಟಿ ಹೋಯಿತು. ಹೆನೊವೇವಾ ತಟ್ಟೆಯನ್ನು ಎಲಿಸೇಯೊ ವಡೆ ಹೂತಿದ್ದ ಮೂಲೆಗೆ ಒಯ್ದು, ಕೈಯಿಂದಲೇ ಮಣ್ಣು ಬಗೆದು, ಅಷ್ಟನ್ನೂ ಮುಚ್ಚಿ, ಕೈ ತೊಳೆದುಕೊಂಡಳು.

ಬಸ್ಸಿನ ಹತ್ತಿರ ನಯೇಲಿ ಅತ್ತೆಯನ್ನು ತಬ್ಬಿಕೊಂಡಳು. "ಊಟ ಸರಿಯಾಗಿ ಮಾಡಿ ಅತ್ತೆ," ಎಂದಳು. ಹೆನೊವೇವಾ ಅವಳ ಹೊಟ್ಟೆಯನ್ನು ಮುಟ್ಟಬೇಕೆಂದುಕೊಂಡು, ಶಾಲನ್ನು ಸರಿಮಾಡಿ ಬಿಟ್ಟಳು. ಇತ್ಸೆಲ್ ಮೊದಲೇ ಹತ್ತಿ ಆಚೆ ಬದಿಯ ಕಿಟಕಿಯ ಹತ್ತಿರ ಕೂತಿತ್ತು. ಕರೆದರೆ ತಿರುಗಲಿಲ್ಲ. ಅಳಲೂ ಇಲ್ಲ. ಬಸ್ಸು ಧೂಳೆಬ್ಬಿಸಿ ಹೊರಟಿತು.

ಎಲಿಸೇಯೊ ಗಾಡಿ ತಿರುಗಿಸಿ ತಾಯಿಯನ್ನು ಹಿಂದೆ ಕೂರಿಸಿಕೊಂಡ. ಸ್ವಲ್ಪ ದೂರ ಹೋದ ಮೇಲೆ ಕೇಳಿದ:

"ಮಗು ಯಾಕೆ ನಿನಗೆ ಮುತ್ತು ಕೊಡದೆ ಹೋಯ್ತು? ಏನಾದ್ರೂ ಅಂದ್ಯಾ?"

"ಏನೂ ಅನ್ನಲಿಲ್ಲ. ಏನೋ ಕೇಳ್ತು, ಕೊಡಲಿಲ್ಲ."

"ದೊಡ್ಡದೇನಾದ್ರೂ ಕೇಳ್ತಾ?"

"ಇಲ್ಲ. ಚಿಕ್ಕದು."

"ಹೋಗೋ ಮಗು, ಚಿಕ್ಕದೊಂದನ್ನ ಕೊಟ್ಟು ಕಳಿಸಬಾರದಿತ್ತೇನಮ್ಮ?" ಎಂದ ಎಲಿಸೇಯೊ, ಬೇಸರದಿಂದ. "ಇನ್ನು ಯಾವಾಗ ನೋಡ್ತೀಯೋ ಏನೋ."

"ಚಿಕ್ಕದು ಅಂತಲೇ ಕೊಡಲಿಲ್ಲ ಕಣೋ," ಎಂದಳು ಹೆನೊವೇವಾ. ಗಾಡಿಯ ಸದ್ದಿನಲ್ಲಿ ಅವನಿಗೆ ಅದು ಕೇಳಿಸಲಿಲ್ಲ.